ಕಲ್ಪನೆಯೆಂದು ನಾನು ಒಪ್ಪಿಕೊಂಡ ಅಧ್ಯಾಯ

ಕೊರೋನಾದ ಲಾಕ್‌ಡೌನ್ ಸಡಿಲವಾದ ವರ್ಷ ನಾನು ಕಾರ್ಕಳದ ಒಂದು ಕಾಲೇಜಿನಿಂದ ಇತಿಹಾಸದ ಉಪನ್ಯಾಸಕಿಯಾಗಿ ನಿವೃತ್ತಳಾದೆ. ಅಷ್ಟರಲ್ಲಿ ನನ್ನ ನಾಲ್ಕು ಐತಿಹಾಸಿಕ ಕಾದಂಬರಿಗಳು ಅಚ್ಚಾಗಿದ್ದವು. ನಾಲ್ಕನ್ನೂ ಬರೆದದ್ದು ಕಾಪುವಿನ ನಮ್ಮ ಮನೆಯ ಊಟದ ಮೇಜಿನ ಮೇಲೆ, ಕುಚ್ಚಲಕ್ಕಿ ಬೇಯುವ ಹೊತ್ತಿನಲ್ಲಿ. ನನ್ನ ಗಂಡ ದಿನಕರ್ ಮಸ್ಕತ್ತಿನಿಂದ ಮರಳಿದ ಮೇಲೆ ಹೆದ್ದಾರಿಯ ಪಕ್ಕ ಟೈಲ್ಸ್ ಅಂಗಡಿ ಇಟ್ಟಿದ್ದರು. ನನ್ನ ಒಂದು ಪುಸ್ತಕವನ್ನೂ ಅವರು ಓದಿದವರಲ್ಲ. "ನಿನ್ನ ರಾಜರನ್ನೆಲ್ಲ ಸ್ವಲ್ಪ ಎಬ್ಬಿಸು ಮಾರಾಯ್ತಿ, ಊಟಕ್ಕೆ ಕೂತ್ಕೊಳ್ಳಬೇಕು" ಎಂದು ನಗುತ್ತಿದ್ದರು. ಆದರೆ ನಾನು ಎಲ್ಲಿಗೆ ಹೋಗಬೇಕೆಂದರೂ ಕಾರು ತೆಗೆಯುತ್ತಿದ್ದವರು ಅವರೇ. ಹಳೆಯ ಬಸದಿ, ಪಾಳುಬಿದ್ದ ಕೋಟೆ, ಯಾರದೋ ಮನೆಯ ಅಟ್ಟ, ಎಲ್ಲಿಗೆಂದು ಒಂದು ದಿನವೂ ಕೇಳಲಿಲ್ಲ.

ಐತಿಹಾಸಿಕ ಕಾದಂಬರಿಕಾರರಿಗೆ ಓದುಗರು ಬರೀ ಓದುಗರಲ್ಲ. ಶಾಸನದಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ಹಸಿದವನ ಹೆಸರಿರುವುದಿಲ್ಲ. ಅದನ್ನು ಮನೆಮನೆಯ ನೆನಪಿನಲ್ಲೇ ಹುಡುಕಬೇಕು. ಮೌಖಿಕ ಇತಿಹಾಸ ಎಂದು ನಾವು ತರಗತಿಯಲ್ಲಿ ಪಾಠ ಮಾಡುವುದು ಇದನ್ನೇ. ನನಗೆ ಅಂಥ ನೆನಪುಗಳನ್ನು ಕೊಟ್ಟವರೆಲ್ಲ ಮೊದಲು ನನ್ನ ಪುಸ್ತಕ ಓದಿ ಫೋನ್ ಮಾಡಿದವರು.

ಅವರಲ್ಲಿ ಜಯಂತಿಯಕ್ಕ ಒಬ್ಬರು. ಪೆರ್ಡೂರಿನಿಂದ ಸ್ವಲ್ಪ ಒಳಗೆ ಅವರ ತವರಿನ ಬೀಡು, ಅಂದರೆ ಹಿಂದೆ ಆ ಸುತ್ತಿನ ಆಡಳಿತ ನಡೆಸುತ್ತಿದ್ದವರ ದೊಡ್ಡ ಮನೆ. ಗಂಡ ತೀರಿಕೊಂಡ ಮೇಲೆ ಅಲ್ಲಿಗೇ ಬಂದು ಅಕ್ಕನ ಮಗ ಪ್ರಸಾದನ ಜೊತೆ ಇದ್ದರು. ಮಕ್ಕಳಿರಲಿಲ್ಲ. ಆಸ್ತಿ ಪಾಲಾಗುವಾಗ ತಮ್ಮ ಭಾಗವನ್ನು ಅವನಿಗೇ ಬರೆದುಕೊಟ್ಟಿದ್ದರು. ನನ್ನ ಪ್ರತಿ ಪುಸ್ತಕವನ್ನೂ ಎರಡು ಸಲ ಓದುವವರು. ಒಮ್ಮೆ, "ಟೀಚರ್, ನಿಮ್ಮ ಕಥೆಯಲ್ಲಿ ಹೆಂಗಸರು ಅಳುದು ಜಾಸ್ತಿಯಾಯ್ತು. ಅಳದ ಹೆಂಗಸು ಬೇಕಾದ್ರೆ ನಮ್ಮಲ್ಲಿಗೆ ಬನ್ನಿ, ಒಬ್ಬಳ ಕಥೆ ಉಂಟು" ಎಂದರು.

ಮುಂದಿನ ಭಾನುವಾರವೇ ಹೋದೆವು. ದಿನಕರ್ ಚಾವಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಪತ್ರೊಡೆ ತಿನ್ನುತ್ತ ಕಥೆಯನ್ನೆಲ್ಲ ಕೇಳಿದರು. ಜಯಂತಿಯಕ್ಕ ತಮ್ಮ ಅಜ್ಜಿಯ ಬಾಯಿಂದ ಕೇಳಿದ್ದು ಹೀಗೆ: ಬಹಳ ಹಿಂದೆ ಒಂದು ಬರಗಾಲದಲ್ಲಿ ಅರಸನಿಗೆ ಸಲ್ಲಬೇಕಾದ ಭತ್ತ ಆ ಮನೆಯ ಕಣಜದಲ್ಲಿ ಬೀಗದೊಳಗಿತ್ತು. ಹೊರಗೆ ಜನ ಗೆಡ್ಡೆ ಅಗೆದು ತಿನ್ನುತ್ತಿದ್ದರು. ಯಜಮಾನನ ತಂಗಿ ಕಣಜ ತೆರೆದು ಭತ್ತ ಹಂಚಿದಳು. ಅಣ್ಣ ಅವಳನ್ನು ಮನೆಯಿಂದ ಹೊರಹಾಕಿದ. ಅವಳ ಎಳೆಯ ಮಗಳನ್ನು ಮಾತ್ರ ಜೊತೆಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡ. ಅವಳು ನಡೆದುಕೊಂಡೇ ಎರ್ಮಾಳಿನ ಕಡಲತಡಿ ಸೇರಿ, ದೋಣಿ ನಡೆಸುವ ಒಬ್ಬನೊಡನೆ ಸಂಸಾರ ಮಾಡಿದಳು.

ನಮ್ಮ ಕಡೆಯ ಅಳಿಯಸಂತಾನ ಪದ್ಧತಿಯಲ್ಲಿ ಮನೆತನ ಮುಂದುವರಿಯುವುದು ತಾಯಿಯ ಕಡೆಯಿಂದ. ಹಾಗಾಗಿ ಈಗ ಆ ಮನೆಯಲ್ಲಿರುವವರೆಲ್ಲ ಅವಳು ಬಿಟ್ಟುಹೋದ ಆ ಮಗಳ ಸಂತತಿ. ಹೊರಹಾಕಿದವಳೇ ಮನೆಯ ಮೂಲ.

"ಇದನ್ನು ಬರೆಯಬಹುದಾ ಜಯಂತಿಯಕ್ಕ?" ಎಂದು ಕೇಳಿದೆ.

"ಬರೆಯದಿದ್ರೆ ನನ್ನೊಟ್ಟಿಗೇ ಮುಗಿದುಹೋಗ್ತದೆ. ಅವಳ ಹೆಸರು ಮಾತ್ರ ಹಾಕಬೇಡಿ" ಎಂದರು. ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದರು.

ನನ್ನ ಮುಂದಿನ ಕಾದಂಬರಿಯಲ್ಲಿ ಅವಳಿಗೆ ದೇವಕ್ಕ ಎಂದು ಹೆಸರಿಟ್ಟೆ. ಊರು, ಮನೆ, ಅರಸು ಎಲ್ಲವನ್ನೂ ಬದಲಿಸಿದೆ. ಕಣಜ ತೆರೆದದ್ದಕ್ಕೆ ಆಚೀಚಿನ ಗದ್ದೆಗಳಲ್ಲಿ ಹೆಂಗಸರು ಹಾಡುವ ನಾಟಿಯ ಹಾಡಿನ ಆಧಾರವೂ ಸಿಕ್ಕಿತು. ದೋಣಿಯವನ ವಿಷಯಕ್ಕೆ ಜಯಂತಿಯಕ್ಕನ ಮಾತೊಂದೇ ಆಧಾರ. ಪುಸ್ತಕ ಕೈಗೆ ಸಿಕ್ಕಿದ ದಿನವೇ ಅವರು ಫೋನ್ ಮಾಡಿದರು. "ಅವಳು ಮನೆಗೆ ಬಂದ ಹಾಗಾಯ್ತು ಟೀಚರ್" ಎಂದರು. ನನಗೆ ಸಿಕ್ಕಿದ ಯಾವ ವಿಮರ್ಶೆಯೂ ಅಷ್ಟು ಸುಖ ಕೊಟ್ಟಿಲ್ಲ.

ಕೆಲವು ತಿಂಗಳ ಮೇಲೆ ಒಂದು ಪುಟದ ಫೋಟೊ ವಾಟ್ಸಾಪಿನಲ್ಲಿ ಓಡಾಡತೊಡಗಿತು. ದೇವಕ್ಕ ದೋಣಿಯವನ ಗುಡಿಸಲಿಗೆ ಕಾಲಿಡುವ ಪುಟ. ಯಾರೋ ಅದರ ಕೆಳಗೆ ಬೀಡಿನ ನಿಜವಾದ ಹೆಸರನ್ನು ಬರೆದಿದ್ದರು. ನನ್ನ ಕಾಲಿಗೆ ಬಿದ್ದು ಹಸ್ತಾಕ್ಷರ ಕೇಳಿದವರೇ ಈಗ ನನ್ನ ಮನೆಯ ಹೆಂಗಸರ ನಡತೆ ಕೇಳಿ ಮೆಸೇಜ್ ಕಳಿಸಿದರು. ಮಣಿಪಾಲದಲ್ಲಿ ಕೆಲಸಕ್ಕಿರುವ ಮಗಳು ಶ್ರಾವ್ಯ, "ಅಮ್ಮ, ಆಫೀಸಿನಲ್ಲಿ ನನ್ನನ್ನು ನೋಡಿ ಮಾತು ನಿಲ್ಲಿಸ್ತಾರೆ" ಎಂದಳು. ಉಡುಪಿಯ ಪ್ರಕಾಶಕರು ಹೆದರಿ, ಬೀಡಿನವರೊಡನೆ ಒಮ್ಮೆ ಮಾತಾಡಿ ಮುಗಿಸೋಣ ಎಂದರು.

ಮತ್ತೆ ಅದೇ ಚಾವಡಿ. ಈ ಸಲ ಕುಟುಂಬದವರೆಲ್ಲ ಸೇರಿದ್ದರು. ಬೀಡಿನ ಜೀರ್ಣೋದ್ಧಾರ ಸಮಿತಿಗೆ ಪ್ರಸಾದನೇ ಅಧ್ಯಕ್ಷ. ನಮಗೆ ಬನ್ಸ್, ಚಹಾ ತರಿಸಿದ.

"ತಗೊಳ್ಳಿ ಮೇಡಂ. ಮರ್ಯಾದೆಗೆ ನಾವು ಎಂತ ಕಡಿಮೆ ಮಾಡುದಿಲ್ಲ."

"ನೀವು ಪುಸ್ತಕ ಓದಿದ್ದೀರಾ?" ಎಂದು ಕೇಳಿದೆ.

"ಆ ಪುಟ ಓದಿದ್ದೇನೆ. ಸಾಲದಾ?" ಎಂದ. "ನಮ್ಮ ಮೂಲವೇ ಅಂಥವಳು ಅಂತ ಬರೆದಿದ್ದೀರಿ. ಇದನ್ನು ನಿಮಗೆ ಹೇಳಿದ್ದು ಯಾರು?"

ನಾನು ಚಹಾದ ಲೋಟ ಕೆಳಗಿಟ್ಟೆ. ಅವನು ಒಳಬಾಗಿಲ ಹತ್ತಿರ ನಿಂತಿದ್ದ ಜಯಂತಿಯಕ್ಕನ ಕಡೆ ತಿರುಗಿದ.

"ಚಿಕ್ಕಮ್ಮ, ನಿಮ್ಮ ದೋಸ್ತಿ ಅಲ್ವಾ ಇವರು? ನೀವು ಹೇಳಿದ್ದಾ?"

ಜಯಂತಿಯಕ್ಕ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. "ನಾನಾ? ನನಗೆ ಎಂತ ಗೊತ್ತುಂಟು? ಟೀಚರ್ ಬಂದದ್ದು ಹೌದು. ಪತ್ರೊಡೆ ತಿಂದು ಹೋದದ್ದು. ಕಥೆ ಎಲ್ಲ ಅವರೇ ಕಟ್ಟಿದ್ದು."

ಯಾರೋ ನಕ್ಕರು. ನನ್ನ ಪಕ್ಕದಲ್ಲಿ ದಿನಕರ್ ಕುರ್ಚಿಯಿಂದ ಅರ್ಧ ಎದ್ದಿದ್ದರು. "ಎಂತ ಹೇಳ್ತಿದ್ದೀರಿ ನೀವು? ನಾನೂ ಇಲ್ಲಿಯೇ ಕೂತು..." ಅವರ ಮಾತು ಮುಗಿಯುವ ಮೊದಲು ನಾನು ಅವರ ಮಣಿಕಟ್ಟು ಹಿಡಿದೆ.

ಜಯಂತಿಯಕ್ಕ ನನ್ನನ್ನು ನೋಡಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವರ ಬೆರಳುಗಳನ್ನು ನಾನು ನೋಡಿದೆ. ಆ ಮನೆ ಬಿಟ್ಟರೆ ಅವರಿಗೆ ಬೇರೆ ಸೂರಿಲ್ಲ. ದಿನಕರ್ ಬಾಯಿಬಿಟ್ಟರೆ ನಾನು ಗೆಲ್ಲುತ್ತಿದ್ದೆ. ಸಂಜೆಯೊಳಗೆ ಕಾಪುವಿಗೆ ಹೋಗಿ ನನ್ನ ಮೇಜಿನ ಮುಂದೆ ಕೂರುತ್ತಿದ್ದೆ. ಜಯಂತಿಯಕ್ಕ ಎಲ್ಲಿ ಕೂರಬೇಕು?

"ಅವರು ಹೇಳಿದ್ದು ಹೌದು. ಆ ಅಧ್ಯಾಯ ನನ್ನ ಕಲ್ಪನೆ. ಯಾರೂ ಹೇಳಿದ್ದಲ್ಲ" ಎಂದೆ.

ಅದನ್ನು ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಪ್ರಸಾದ ಕೈಮುಗಿದ. ಇಷ್ಟು ಒಪ್ಪಿದ್ದು ದೊಡ್ಡ ಮನಸ್ಸು, ಬನ್ಸ್ ಇನ್ನೊಂದು ತಗೊಳ್ಳಿ ಎಂದ.

ಕಾರು ಉಡುಪಿ ದಾಟಿತು. ಆಗ ದಿನಕರ್ ತುಳುವಿನಲ್ಲಿ ಹೇಳಿದರು: "ನನಗೆ ನಿನ್ನ ಇತಿಹಾಸ ಗೊತ್ತಿಲ್ಲ. ನಾನು ಕಿವಿಯಾರೆ ಕೇಳಿದ್ದು ಅದೊಂದೇ ಕಥೆ. ಅದನ್ನೂ ಇವತ್ತು ಸುಳ್ಳು ಅಂದೆ. ನಿನ್ನ ಓದುಗರನ್ನು ಉಳಿಸಲಿಕ್ಕೆ ನನ್ನ ಬಾಯಿಗೆ ಕೈ ಹಾಕಿದೆ." ನಾನು ಕಾರಣ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲವೆಂದಲ್ಲ. ಆದರೆ ಆ ದಿನದಿಂದ ನನಗಾಗಿ ಕಾರು ತೆಗೆಯಲಿಲ್ಲ. ಪುಸ್ತಕದ ಕೆಲಸಕ್ಕೆ ಹೊರಟರೆ ನಾನು ಬಸ್ಸಿನಲ್ಲೇ ಹೋಗುತ್ತೇನೆ. ಬೇರೆ ವಿಷಯಗಳಲ್ಲಿ ನಾವು ಚೆನ್ನಾಗಿಯೇ ಇದ್ದೇವೆ.

ಉಳಿದ ಪ್ರತಿಗಳಿಗೆಲ್ಲ ಪ್ರಕಾಶಕರು ಒಂದು ಚೀಟಿ ಅಂಟಿಸಿದರು: ಈ ಅಧ್ಯಾಯಕ್ಕೆ ಯಾವ ಚಾರಿತ್ರಿಕ ಆಧಾರವೂ ಇಲ್ಲ. ಮಣಿಪಾಲದಲ್ಲಿ ನಿಗದಿಯಾಗಿದ್ದ ನನ್ನ ಉಪನ್ಯಾಸ ರದ್ದಾಯಿತು. ಕಾರ್ಕಳದಲ್ಲಿ ನನ್ನ ಕೈಕೆಳಗೆ ಓದಿದ ಒಬ್ಬ ಅಧ್ಯಾಪಕ, "ಒಂದು ಅಧ್ಯಾಯ ಹೀಗಾದರೆ ಉಳಿದದ್ದರ ಗತಿ ಏನು?" ಎಂದು ಲೇಖನ ಬರೆದ. ಅವನ ಪ್ರಶ್ನೆ ತಪ್ಪಲ್ಲ. ಹಾಗೆ ಕೇಳಬೇಕೆಂದು ಕಲಿಸಿದವಳು ನಾನೇ.

ಮುಂದಿನ ವರ್ಷ ಬೀಡಿನ ಜೀರ್ಣೋದ್ಧಾರ ಮುಗಿಯಿತು. ಪತ್ರಿಕೆಯಲ್ಲಿ ಚಿತ್ರ ಬಂತು. ಹೊಸದಾಗಿ ಕಟ್ಟಿದ ಕಣಜದ ಎದುರು ಕಲ್ಲಿನ ಫಲಕ: "ಬರಗಾಲದಲ್ಲಿ ಅನ್ನವಿತ್ತ ನಮ್ಮ ಮನೆತನದ ಮಹಾತಾಯಿ ದೇವಕ್ಕ." ಅನ್ನ ಕೊಟ್ಟವಳನ್ನು ಇಟ್ಟುಕೊಂಡಿದ್ದರು, ದೋಣಿಯವನನ್ನು ಬಿಟ್ಟಿದ್ದರು. ಫಲಕದ ಪಕ್ಕ ಪ್ರಸಾದ, ಅವನ ಪಕ್ಕ ರೇಷ್ಮೆ ಸೀರೆಯಲ್ಲಿ ಜಯಂತಿಯಕ್ಕ.

ಅಲ್ಲಿಯವರೆಗೆ ನಾನು ಫೋನ್ ಮಾಡಿರಲಿಲ್ಲ. ಅಂದು ಮಾಡಿದೆ.

"ಜಯಂತಿಯಕ್ಕ, ದೇವಕ್ಕ ಅಂತ ಹೆಸರಿಟ್ಟದ್ದು ನಾನಲ್ವಾ?"

"ಇಲ್ಲ ಟೀಚರ್. ನಮ್ಮಲ್ಲಿ ಮೊದಲಿಂದಲೂ ದೇವಕ್ಕ ಅಂತಲೇ ಹೇಳುದು."

ಹತ್ತಿರ ಯಾರಾದರೂ ಇದ್ದರೋ, ಅಥವಾ ಅವರಿಗೇ ಹಾಗೆ ಅನಿಸತೊಡಗಿತ್ತೋ, ನನಗೆ ತಿಳಿಯಲಿಲ್ಲ. ಫೋನ್ ಇಡುವ ಮೊದಲು ಅವರು ಹಳೆಯ ದನಿಯಲ್ಲೇ ಕೇಳಿದರು: "ಹೊಸತು ಎಂತ ಬರೀತಿದ್ದೀರಿ? ಬಂದ ಕೂಡಲೇ ಒಂದು ಪ್ರತಿ ನನಗೆ ಕಳಿಸಿ ಆಯ್ತಾ?"

ಕಳಿಸುತ್ತೇನೆ ಎಂದೆ.

ನಾನು ಕಟ್ಟಿದ್ದು ಕಲ್ಲಿನ ಮೇಲೆ ಇತಿಹಾಸವಾಗಿ ನಿಂತಿದೆ. ನಡೆದದ್ದು ನನ್ನ ಕಲ್ಪನೆಯಾಗಿ ಚೀಟಿಯ ಕೆಳಗಿದೆ. ಆ ಹೆಂಗಸಿನ ನಿಜವಾದ ಹೆಸರು ಗೊತ್ತಿರುವವರು ಬಹುಶಃ ನಾವಿಬ್ಬರೇ. ನಮ್ಮಲ್ಲಿ ಒಬ್ಬರು ಅದನ್ನು ಮರೆತಿದ್ದಾರೆ, ಅಥವಾ ಮರೆತಂತೆ ಇರುವುದು ಅವರಿಗೆ ಅನಿವಾರ್ಯ. ಮಾತು ಕೊಟ್ಟಿದ್ದರಿಂದ ನಾನು ಇಲ್ಲಿಯೂ ಬರೆಯುವುದಿಲ್ಲ.

ಈಗಲೂ ಓದುಗರು ಫೋನ್ ಮಾಡುತ್ತಾರೆ. ನಮ್ಮ ಮನೆಯಲ್ಲಿ ಒಂದು ಕಥೆ ಉಂಟು, ಬನ್ನಿ ಎನ್ನುತ್ತಾರೆ. ಹೋಗುತ್ತೇನೆ. ಅವರು ಬಾಯಿ ತೆರೆಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ: "ಇದನ್ನು ನಿಮ್ಮ ಮನೆಯವರೆಲ್ಲರ ಎದುರು ಹೇಳಬಲ್ಲಿರಾ?" ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಆಧಾರ ಹುಡುಕುವ ಮೊದಲು, ಕಥೆ ಹೇಳುವವರು ನಾಳೆ ಎಲ್ಲಿ ಮಲಗಬೇಕೆಂದು ತಿಳಿದುಕೊಳ್ಳಬೇಕು. ಹೆಚ್ಚಿನವರು ಆ ಪ್ರಶ್ನೆಗೆ ಸುಮ್ಮನಾಗುತ್ತಾರೆ. ನಾನು ಚಹಾ ಕುಡಿದು, ಮಕ್ಕಳ ಓದಿನ ವಿಷಯ ಮಾತಾಡಿ, ಬಸ್ಸು ಹಿಡಿಯುತ್ತೇನೆ. ಇತ್ತೀಚಿನ ನನ್ನ ಪುಸ್ತಕಗಳು ತೆಳ್ಳಗಾಗಿವೆ ಎಂದು ಓದುಗರು ದೂರುತ್ತಾರೆ.