ಡಬ್ಬ ಜೋಡಿಸಿದ ಮಧ್ಯಾಹ್ನ

ಅಡುಗೆಮನೆಯಲ್ಲಿ ಸಾಮಾನು ಹೆಚ್ಚಾಗಿ ಚಮಚ ಇಡಲೂ ಜಾಗವಿಲ್ಲದಂತಾಯಿತೆಂದು ನಿನ್ನೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಒಂದೇ ಅಳತೆಯ ಗಾಜಿನ ಡಬ್ಬಗಳನ್ನು ಹೊತ್ತು ತಂದೆ. ಜೊತೆಗೆ ಹೆಸರು ಬರೆದು ಅಂಟಿಸುವ ಚೀಟಿಗಳು. ಕಪಾಟು ಅಚ್ಚುಕಟ್ಟಾದರೆ ಬದುಕೂ ಅಚ್ಚುಕಟ್ಟಾಗುತ್ತದೆ ಎಂಬ ನಂಬಿಕೆ ನನಗೆ ಆಗಾಗ ಹುಟ್ಟುತ್ತದೆ, ನಿಮಗೂ ಹುಟ್ಟಿರಬಹುದು. ಇವತ್ತು ಹಳೆಯ ಸ್ಟೀಲ್ ಡಬ್ಬವೊಂದನ್ನು ಖಾಲಿ ಮಾಡಲು ಮುಚ್ಚಳ ತೆಗೆದೆ, ನೋಡಿ, ಇಂಗಿನ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ನೆನಪಾದರು, ತೀರಿಹೋದ ನನ್ನ ಅತ್ತೆ.

ಅತ್ತೆಯ ಡಬ್ಬಗಳಿಗೆ ಚೀಟಿ ಇರಲಿಲ್ಲ. ಎಲ್ಲವೂ ಸ್ಟೀಲಿನವು, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸಿದರೆ ಗೊತ್ತಾಗದಂಥವು. ಮದುವೆಯಾಗಿ ಬನಶಂಕರಿಯ ಈ ಮನೆಗೆ ಬಂದ ಹೊಸದರಲ್ಲಿ ನಾನು ರವೆ ಬೇಕೆಂದು ಹೊರಟು, ಕಡಲೆಹಿಟ್ಟು, ಹುರಿಗಡಲೆ, ಕೊಬ್ಬರಿ ಎಲ್ಲದರ ದರ್ಶನ ಮಾಡಿಕೊಂಡು ಕೊನೆಗೆ ರವೆ ತಲುಪುತ್ತಿದ್ದೆ. ಅತ್ತೆ ಒಗ್ಗರಣೆಯಿಂದ ಕಣ್ಣು ತೆಗೆಯದೆ ಕೈ ಚಾಚಿದರೆ ಬೇಕಾದ ಡಬ್ಬವೇ ಬರುತ್ತಿತ್ತು. "ಹೇಗತ್ತೆ ಗೊತ್ತಾಗತ್ತೆ ನಿಮಗೆ?" ಎಂದರೆ, "ಗೊತ್ತಾಗೋದೇನಮ್ಮ, ಅದ್ರ ಜಾಗ್ದಲ್ಲಿ ಅದಿರತ್ತೆ" ಎನ್ನುತ್ತಿದ್ದರು. ಇದೂ ಒಂದು ಉತ್ತರವೇ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ಆಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಪಕ್ಕದ ಮನೆಯವರ ಹೆಸರು ಹೋಯಿತು, ಆಮೇಲೆ ವಾರ, ತಿಂಗಳು. ಸ್ವಂತ ಮಗನನ್ನು, ಅಂದರೆ ನನ್ನ ಗಂಡನನ್ನು, ತಮ್ಮನೆಂದುಕೊಂಡು ಗದರುತ್ತಿದ್ದರು. ನನ್ನನ್ನಂತೂ "ಕೂತ್ಕೊಳಿ, ಕಾಫಿ ಕುಡ್ಕೊಂಡೇ ಹೋಗಿ" ಎಂದು ನೆಂಟರಂತೆ ಉಪಚರಿಸುತ್ತಿದ್ದರು. ನಗು ಬರುತ್ತಿತ್ತು, ಅದರ ಜೊತೆಗೇ ಅಳುವೂ. ಆದರೆ ನಾನು ಪಕ್ಕದಲ್ಲಿ ನಿಂತಿದ್ದರೆ ಸಾಕು, ಅವರ ಸಾರು ಮಾತ್ರ ಮೊದಲಿನಂತೆಯೇ ಆಗುತ್ತಿತ್ತು. ಒಲೆಯ ಮುಂದೆ ಅತ್ತೆ ಅತ್ತೆಯೇ ಆಗಿದ್ದರು.

ಅಂಥದ್ದರಲ್ಲಿ ಜಿರಳೆ ಔಷಧಿ ಹೊಡೆಸಬೇಕಾಗಿ ಬಂತು. ನನ್ನ ಗಂಡ ಬೆಳಿಗ್ಗೆ ಎಲ್ಲ ಡಬ್ಬಗಳನ್ನೂ ತಂದು ನಡುಮನೆಯಲ್ಲಿ ರಾಶಿ ಹಾಕಿ ಆಫೀಸಿಗೆ ಹೊರಟುಹೋದರು. ಆಮೇಲೆ ನನಗೆ ಭಯ ಹತ್ತಿತು. ಯಾವುದು ಎಲ್ಲಿತ್ತೆಂದು ನನಗೇ ನೆನಪಿಲ್ಲ. ಅತ್ತೆಗೆ ಗುರುತು ಉಳಿದಿದ್ದ ಜಾಗ ಅದೊಂದೇ; ಅದನ್ನೂ ಕಲಸಿಬಿಟ್ಟರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಮಧ್ಯಾಹ್ನ ಔಷಧಿಯ ವಾಸನೆ ಆರಿ, ನಾನು ಕಪಾಟು ಒರೆಸಿ ಮುಗಿಸಿದ ಮೇಲೆ ಅತ್ತೆ ಎದ್ದು ಬಂದರು. ರಾಶಿಯನ್ನು ನೋಡಿ, "ಏನಿದು ಅವಾಂತರ!" ಎಂದು ಸೆರಗು ಸಿಕ್ಕಿಸಿದರು. ಒಂದೊಂದೇ ಡಬ್ಬ ಎತ್ತಿ, ಮುಚ್ಚಳ ಕೂಡ ತೆಗೆಯದೆ, ಸುಮ್ಮನೆ ಒಮ್ಮೆ ಅಲ್ಲಾಡಿಸಿ ಒಳಗೆ ಒಯ್ದರು. ಸಾಸಿವೆ ಒಲೆಯ ಎಡಕ್ಕೆ, ಮೆಂತ್ಯ ಅದರ ಹಿಂದೆ, ಬೆಲ್ಲ ಗೋಡೆಗೆ ಒತ್ತಿ. ತಡವರಿಕೆಯಿಲ್ಲ, ಇಟ್ಟದ್ದನ್ನು ಮತ್ತೆ ತೆಗೆಯುವುದಿಲ್ಲ. ನನ್ನ ಹೆಸರು ಮರೆತ ಆ ಜೀವದ ಕೈಯಲ್ಲಿ ಇಡೀ ಅಡುಗೆಮನೆ ಇತ್ತು. ದೇವಸ್ಥಾನದಲ್ಲೂ ನಾನು ಅಷ್ಟು ಭಕ್ತಿಯಿಂದ ನಿಂತವಳಲ್ಲ.

ಸಹಾಯ ಮಾಡೋಣವೆಂದು ಟೀ ಪುಡಿಯ ಡಬ್ಬ ಎತ್ತಿಕೊಂಡು, "ಇದನ್ನ ಮೇಲಿಡೋದಾ?" ಎಂದೆ.

"ಅಯ್ಯೋ, ಮೇಲೆ ಇಡ್ಬೇಡಿ. ಟೀ ಕುಡಿಯೋದು ನಮ್ಮನೇಲಿ ಸೊಸೆ ಒಬ್ಳೇ. ಕುಳ್ಳಿ ಪಾಪ, ಎಟುಕಲ್ಲ. ಬಾಯ್ಬಿಟ್ಟು ಕೇಳೋಳೂ ಅಲ್ಲ. ಕೆಳಗೇ ಇರ್ಲಿ."

ಕಾಫಿ ಕುಡಿಯುವವರ ಮನೆಯಲ್ಲಿ ಟೀಗೆ ಮರ್ಯಾದೆ ಕಡಿಮೆ, ಅದಕ್ಕೇ ಅದು ಕೆಳಗಿದೆ ಎಂದು ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಆ ಸೊಸೆ ನಾನೇ ಎನ್ನದೆ, ಡಬ್ಬವನ್ನು ಕೆಳಗಿಟ್ಟು, "ಒಳ್ಳೆ ಅತ್ತೆ ಸಿಕ್ಕಿದಾರೆ ಅವಳಿಗೆ" ಎಂದೆ.

"ಅವಳೂ ಒಳ್ಳೇಳೇ" ಎಂದು ಅತ್ತೆ ಮುಂದಿನ ಡಬ್ಬಕ್ಕೆ ಕೈ ಹಾಕಿದರು.

ಅದನ್ನೆಲ್ಲ ನೆನೆದುಕೊಂಡು ಇವತ್ತು ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟೆ. ಆಮೇಲೆ ಗಂಡನನ್ನು ಕರೆದೆ. ಬೆಳಗಿನ ಕಾಫಿ ಈಗ ಅವರದೇ ಕೆಲಸ; ಭುಜ ಹಿಡಿದುಕೊಂಡು ಕೈ ಎತ್ತಲು ಒದ್ದಾಡುತ್ತಿದ್ದರೂ ಬಿಟ್ಟಿಲ್ಲ.

"ರೀ, ಬಲಗೈ ಎಲ್ಲೀವರ್ಗೂ ಎತ್ತಕ್ಕಾಗತ್ತೆ, ತೋರ್ಸಿ."

"ಯಾಕೆ, ಡಾಕ್ಟ್ರಾಗಿಬಿಟ್ಯಾ?" ಎಂದು ಗೊಣಗುತ್ತಲೇ ಎತ್ತಿದರು. ನೋವಿಗೆ ಕೈ ನಿಂತ ಜಾಗ ನೋಡಿಕೊಂಡು, ಅದಕ್ಕಿಂತ ಒಂದಿಷ್ಟು ಕೆಳಗೆ ಕಾಫಿ ಪುಡಿ ಇಟ್ಟೆ.