ಗೂಟ ಹಿಡಿದ ಕೈಗೆ ತಿಳಿದದ್ದು

ಅತ್ತೆ ಕುಡುಗೋಲನ್ನು ಒಲೆಯ ಕೆಂಡಕ್ಕೆ ಇಟ್ಟಿದ್ದರು. ನಿಜಾಮರ ಕಾಲದ ಮಾತು, ಚಿಮ್ಮನಚೋಡದ ನಮ್ಮ ಮನೆ. ಬೆಳಿಗ್ಗೆ ಜೋಳ ಬೀಸಲು ನಾನು ಮತ್ತು ಮೈದುನನ ಹೆಂಡತಿ ನೀಲಮ್ಮ ಬೀಸುಕಲ್ಲಿನ ಒಂದೇ ಗೂಟ ಹಿಡಿದು ಎದುರುಬದುರು ಕೂತಿದ್ದೆವು. ಅವಳಿಗೆ ಆಗಾಗ, ಹೆಚ್ಚಾಗಿ ಬೆಳಗಿನ ಹೊತ್ತೇ, ಮೂರ್ಛೆ ಬರುತ್ತಿತ್ತು. ಅದು ದೆವ್ವದ ಗಾಳಿ, ಬರೆ ಎಳೆದರೆ ಬಿಟ್ಟುಹೋಗುತ್ತದೆ ಎಂದು ಎಲ್ಲರ ನಂಬಿಕೆ.

"ಈ ಸಲ ಗಾಳಿ ಮೈಮ್ಯಾಲ ಬರ್ಲಿ, ಬರಿ ಎಳದೇ ಬಿಡ್ತೀನಿ," ಎಂದರು ಅತ್ತೆ. ಕುಡುಗೋಲು ಕೆಂಪಗಾಗಿತ್ತು.

ಅಷ್ಟರಲ್ಲಿ ನನ್ನ ಅಂಗೈಯೊಳಗೆ ಗೂಟ ಜಗ್ಗಿತು. ಬಿರುಸಾಗಿ ಎರಡು ಸಲ, ತುಸು ತಡೆದು ಮತ್ತೆ ಎರಡು ಸಲ. ಹೀಗೆ ಜಗ್ಗಿದ ಮೇಲೆಯೇ ನೀಲಮ್ಮ ಬೀಳುತ್ತಾಳೆಂದು ನನಗೆ ಎಷ್ಟೋ ತಿಂಗಳಿಂದ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಅವಳು ಮಾತ್ರ ಏನೂ ಅರಿಯದೆ ಹಾಡುತ್ತಲೇ ಇದ್ದಳು.

ನಾನು ಅತ್ತೆಯ ಕೈಯನ್ನೇ ಎಳೆದು ಗೂಟದ ಮೇಲಿಟ್ಟೆ. "ಅಕಿ ಕೈ ಹ್ಯಾಂಗ ಜಗ್ಗಾಕತ್ತದ ನೋಡ್ರಿ ಅತ್ತಿ. ಇನ್ನ ಬೀಳ್ತಾಳ. ಗಾಳಿ ಹಿಂಗ ಮೊದ್ಲೇ ಹೇಳಿ ಬರ್ತದೇನ್ರಿ? ಇದು ಮೈಯಾಗಿನ ಬ್ಯಾನಿ."

ಗೂಟ ಮತ್ತೆ ಎರಡು ಸಲ ಜಗ್ಗಿತು. ಅತ್ತೆ ಗೂಟದಿಂದ ಕೈ ತೆಗೆಯದೆ ನೀಲಮ್ಮನ ಪಕ್ಕ ಕೂತರು. ಹಾಡು ನಿಂತು ನೀಲಮ್ಮ ವಾಲಿದಾಗ, ಅವಳ ತಲೆ ಕಲ್ಲಿಗೆ ಬಡಿಯದಂತೆ ತೊಡೆ ಕೊಟ್ಟವರು ಅತ್ತೆಯೇ. ಕುಡುಗೋಲು ಒಲೆಯಲ್ಲೇ ತಣ್ಣಗಾಯಿತು.

ಎಷ್ಟೋ ವರ್ಷಗಳ ಮೇಲೆ ಆಸ್ಪತ್ರೆಯಲ್ಲಿ ನೀಲಮ್ಮನ ತಲೆಗೆ ತಂತಿ ಹಚ್ಚಿ, ಇವು ಮಿದುಳಿನ ಅಲೆಗಳು ಎಂದು ಡಾಕ್ಟರು ಕಾಗದದ ಮೇಲಿನ ಮೊನಚು ಗೆರೆಗಳನ್ನು ತೋರಿಸಿದರು. ಗೂಟದ ಆ ಜಗ್ಗಾಟವೇ ಗೆರೆಯಾಗಿ ಮೂಡಿದಂತಿತ್ತು; ನನಗೆ ಅತ್ತೆ ನೆನಪಾದರು. ಆ ಬೆಳಗಿನಿಂದ ಸಾಯುವತನಕ, ನೀಲಮ್ಮನ ಎದುರು ಬೀಸಲು ಅವರೇ ಕೂರುತ್ತಿದ್ದರು, ಬೇರೆ ಯಾರನ್ನೂ ಕೂರಗೊಡಲಿಲ್ಲ.