ಭಾಲ್ಕಿಯ ಅಕ್ಕನಿಗೆ ಕ್ರಿಸ್‌ಮಸ್ ಡಬ್ಬಿ

ನಮ್ಮ ಕಡೆ ಹಬ್ಬದ ತಿನಿಸು ಬಂದ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಒಳ್ಳೆಯ ಪದ್ಧತಿಯೇ. ಆದರೆ ನಾನೂ ನನ್ನ ಅಕ್ಕನೂ ಸೇರಿ ಅದನ್ನು ಮೂರು ವರ್ಷ ಕುಸ್ತಿ ಮಾಡಿಬಿಟ್ಟಿದ್ದೆವು.

ಅವ್ವ ಔರಾದಿನಲ್ಲಿ ಹಾಸಿಗೆ ಹಿಡಿದಿದ್ದಾಗ ನಾನು ಅಲ್ಲೇ ಇದ್ದೆ, ಅಕ್ಕ ಭಾಲ್ಕಿಯಿಂದ ವಾರಕ್ಕೊಮ್ಮೆ ಬರುತ್ತಿದ್ದಳು. ಅವ್ವನಿಗೆ ಮಣ್ಣು ಕೊಟ್ಟ ದಿನ, ಬಂಧುಬಳಗದ ಎದುರಿಗೇ ನಾನು, "ನೀ ನೆಂಟರ ಹಾಂಗ ಬಂದು ಹೋದಿ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ನನ್ನೊಡನೆ ಮಾತು ಬಿಟ್ಟಳು.

ಆ ಕ್ರಿಸ್‌ಮಸ್‌ಗೆ ಬೀದರಿನ ನೌಬಾದದ ನಮ್ಮ ಮನೆಯಿಂದ ಕರ್ಜಿಕಾಯಿ, ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿಯನ್ನು ಭಾಲ್ಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಅಕ್ಕನಿಗೆ ಕಳಿಸಿದೆ. ಮರುದಿನವೇ ಮರಳಿತು, ಫಳಫಳ ತೊಳೆದು, ಕಂಠಪೂರ್ತಿ ಸಕ್ಕರೆ ತುಂಬಿ. ನಿನ್ನ ಹಂಗು ನನಗೆ ಬೇಡ ಅಂತ ಅರ್ಥ. ನನಗೂ ಸಿಟ್ಟು ಬಂತು. ಮುಂದಿನ ವರ್ಷ ದೊಡ್ಡ ಡಬ್ಬಿ ಕಳಿಸಿದೆ. ಅದೂ ಸಕ್ಕರೆಯಾಗಿ ಬಂತು. ಮೂರನೆಯ ವರ್ಷ ಇನ್ನೂ ದೊಡ್ಡದು. ಈಸ್ಟರ್‌ವರೆಗೆ ನಮ್ಮ ಮನೆಗೆ ಸಕ್ಕರೆ ಕೊಳ್ಳುವ ಕೆಲಸವೇ ಬೀಳಲಿಲ್ಲ.

ಹೋದ ಡಿಸೆಂಬರಿನಲ್ಲಿ ಪಾಸ್ಟರ್ ಪ್ರಸಂಗದ ನಡುವೆ ಕೇಳಿದರು, "ದೇವರು ತನ್ನ ಮಗನ್ನ ಕೊಟ್ಟಾನ. ನಾವು ತಿರುಗಿ ಏನ್ ತುಂಬಿ ಕಳಿಸ್ತೇವ್ರಿ?"

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಅದು ತಿರುಗಿ ತುಂಬಲಾಗದ ಕಾಣಿಕೆ, ಸುಮ್ಮನೆ ಕೈಚಾಚಿ ತೆಗೆದುಕೊಳ್ಳಬೇಕು. ಅದರ ನೆನಪಿಗೇ ಅಲ್ಲವೇ ನಾವು ಈ ಹಬ್ಬಕ್ಕೆ ಒಬ್ಬರಿಗೊಬ್ಬರು ಕೊಡುವುದು? ದೇವರ ಮಗ ತಾನೇ ಇಳಿದು ಬಂದ. ನಾನೋ, ಡಬ್ಬಿಯನ್ನಷ್ಟೇ ಬಸ್ಸು ಹತ್ತಿಸಿದ್ದೆ.

ಆ ಸಲ ಡಬ್ಬಿ ಹಿಡಿದು ನಾನೇ ಬಸ್ಸು ಹತ್ತಿದೆ. ಅಕ್ಕ ಬಾಗಿಲು ತೆರೆದವಳು ನನ್ನನ್ನೂ ಡಬ್ಬಿಯನ್ನೂ ನೋಡಿ, ನೇರ ಅಡುಗೆಮನೆಗೆ ಹೋಗಿ ಸಕ್ಕರೆಯ ಡಬ್ಬ ಇಳಿಸಿದಳು. ಹಿಂದೆಯೇ ಹೋದೆ.

"ಸಕ್ಕರಿ ಬ್ಯಾಡ ಅಕ್ಕಾ. ಅವತ್ತ ನಾ ಅಂದಿದ್ದು ತಪ್ಪು. ನೀ ಬಂದ ದಿನ ಅಷ್ಟ ಅವ್ವ ಹೊಟ್ಟಿತುಂಬ ಉಣ್ತಿದ್ದಳು. ನನಗ ಗೊತ್ತಿತ್ತು. ಹೊಟ್ಟಿಕಿಚ್ಚಿಗಿ ಅಂದೀನಿ."

ಅಕ್ಕ ಸಕ್ಕರೆಯ ಡಬ್ಬವನ್ನು ಮತ್ತೆ ಮೇಲಿಟ್ಟಳು. ಆಮೇಲೆ ಒಂದು ಕರ್ಜಿಕಾಯಿ ಮುರಿದು ಬಾಯಿಗೆ ಹಾಕಿಕೊಂಡಳು.

"ಅವ್ವನ ಕೈ ಬಂದಿಲ್ಲ ನಿನಗ," ಅಂದಳು, ಸೆರಗಿನಿಂದ ಕಣ್ಣೊರೆಸುತ್ತ. "ಏಲಕ್ಕಿ ಎಲ್ಲಿ ಅದ ಇದರಾಗ?"

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ನಾನು ಹೊರಟಾಗ ಅಕ್ಕ ತಿನಿಸನ್ನೆಲ್ಲ ತನ್ನ ಪರಾತಕ್ಕೆ ಸುರಿದುಕೊಂಡು, ಡಬ್ಬಿಯನ್ನು ಹಾಗೇ ನನ್ನ ಕೈಗಿಟ್ಟಳು. ಹೊಸ್ತಿಲಲ್ಲಿದ್ದ ಪಕ್ಕದ ಮನೆಯಾಕೆಗೆ ಗಾಬರಿ. "ಹಬ್ಬದ ಡಬ್ಬಿ ಖಾಲಿ ಕೊಡ್ತೀರೇನ್ರಿ?"

"ಹೌದ್ರಿ," ಅಂದಳು ಅಕ್ಕ. "ನನ್ನ ತಂಗಿ ಕೊಟ್ಟಾಳ. ನಾ ತೊಗೊಂಡೀನಿ."

ತೊಳೆಯದ ಆ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎದೆಗೊತ್ತಿಕೊಂಡು, ಭಾಲ್ಕಿಯ ಬಜಾರಿನ ನಟ್ಟನಡುವೆ ನಡೆದೆ.